ಕೋಡಿಗೆ ಬಂದ ಕಡಲ ಮೀನು

ನಾನು ಮೀನು ತಿನ್ನುವವನಲ್ಲ, ಹಿಡಿಯುವವನು. ಇವೆರಡೂ ಬೇರೆ ಬೇರೆ ಎಂಬುದನ್ನು ಕೆಲಸ ಮಾಡಿದ ಯಾವ ಊರಿಗೂ ತಿಳಿಸಿ ಹೇಳಲು ನನ್ನಿಂದ ಆಗಲಿಲ್ಲ. ಈಗ ಹೇಳುವ ಆಸೆಯೂ ಇಲ್ಲ. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡು, ರವಿವಾರ ಬಂತೆಂದರೆ ಗಾಳ ಹಿಡಿದು ನೀರಿನ ದಂಡೆಯಲ್ಲಿ ಕೂರುವ ಕನ್ನಡ ಶಾಲೆಯ ಮಾಸ್ತರನನ್ನು ಜನ ಏನೆಂದುಕೊಂಡಾರು? ಏನು ಬೇಕೋ ಅಂದುಕೊಳ್ಳಲಿ. ನನ್ನ ಗಾಳದ ದಾರ ಅಪ್ಪನ ಮಗ್ಗದ ರೇಷ್ಮೆ ಎಳೆ. ನಾಲ್ಕೆಳೆ ಕೂಡಿಸಿ ಹುರಿ ಮಾಡಿ, ಜೇನುಮೇಣ ಸವರಿದ್ದು. ಅದು ಹರಿದದ್ದು ನನಗೆ ನೆನಪಿಲ್ಲ.

ಆಗ ನಾನಿದ್ದದ್ದು ಶಿರಹಟ್ಟಿ ತಾಲೂಕಿನಲ್ಲಿ, ಬೆಳ್ಳಟ್ಟಿಯಿಂದಾಚೆ ಹೊಳೆಯ ದಿಕ್ಕಿಗಿರುವ ಒಂದು ಹಳ್ಳಿಯಲ್ಲಿ. ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದು ಕೆಲವು ವರ್ಷಗಳಾಗಿದ್ದವು. ತುಂಗಭದ್ರೆಯ ಆಚೆ ದಂಡೆಗೆ ಮದ್ರಾಸ್ ಸರ್ಕಾರ. ಊರಿನ ಗೌಡರಿಗೆ ಇದೊಂದು ದೊಡ್ಡ ಸಂಕಟ. "ಹೊಳಿ ಆಚಿ ದಂಡಿಯವ್ರೂ ನಮ್ಮವರ, ಈಚಿ ದಂಡಿಯವ್ರೂ ನಮ್ಮವರ. ಕನ್ನಡದ ಮಂದಿ ಎಲ್ಲಾ ಒಂದ ಆಗಬೇಕ್ರಿ ಮಾಸ್ತರ" ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದರು. ಏಕೀಕರಣದ ಸಭೆ ಎಂದರೆ ಸ್ವಂತ ಚಕ್ಕಡಿ ಕಟ್ಟಿಸಿಕೊಂಡು ಗದಗಿನವರೆಗೂ ಹೋಗಿಬರುತ್ತಿದ್ದರು. ಒಳ್ಳೆಯ ಮನುಷ್ಯ. ನನ್ನ ಗಾಳವೊಂದನ್ನು ಬಿಟ್ಟರೆ ನನ್ನ ಮೇಲೆ ಅವರಿಗೆ ಬೇರೆ ಸಿಟ್ಟಿರಲಿಲ್ಲ.

"ತಿನ್ನೂದಿಲ್ಲ, ಮಾರೂದಿಲ್ಲ, ಹಿಡದು ಮತ್ತ ನೀರಿಗೇ ಒಗೀತೀರಿ. ತಲಿ ನೆಟ್ಟಗ ಐತಿಲ್ರೀ ಮಾಸ್ತರ?" ಎಂದು ಒಮ್ಮೆ ಕೇಳಿದರು.

"ನೀವು ದಿನಾ ಇಸ್ಪೀಟ ಆಡ್ತೀರಲ್ರಿ ಗೌಡರ, ಎಲಿ ತಿಂತೀರೇನು?" ಎಂದೆ. ಚಾವಡಿಯಲ್ಲಿ ಕೂತವರೆಲ್ಲ ನಕ್ಕರು. ಗೌಡರೂ ನಕ್ಕರು.

ಊರಿಗೆ ಕುಡಿಯುವ ನೀರು ಒಂದೇ ಕೆರೆಯದು. ಊರವರು ಇಳಿಯುವ ಮೆಟ್ಟಿಲು ಪಡುವಣಕ್ಕೆ. ಊರ ಹೊರಗಿನ ಕೇರಿಯ ಹೆಣ್ಣುಮಕ್ಕಳು ಹಿಂದಿನಿಂದಲೂ ಮೂಡಣ ಮೆಟ್ಟಿಲ ಬದಿಗೆ ಖಾಲಿ ಕೊಡ ಇಟ್ಟುಕೊಂಡು ಕಾಯಬೇಕು. ಊರವರು ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಬೇಸಿಗೆ ಮಾಮಲೇದಾರರು ಬಂದು, ಇನ್ನು ಅಸ್ಪೃಶ್ಯತೆ ಎಂಬುದು ಅಪರಾಧ ಎಂದು ಚಾವಡಿಯಲ್ಲಿ ಕಾಯಿದೆ ಓದಿ, ಚಹಾ ಕುಡಿದು ಹೋದರು. ಮರುದಿನದಿಂದ ಕೇರಿಯವರು ಮೂಡಣ ಮೆಟ್ಟಿಲಿಳಿದು ತಮ್ಮ ಕೊಡ ತಾವೇ ಅದ್ದತೊಡಗಿದರು. ಊರು ಹಲ್ಲು ಕಚ್ಚಿಕೊಂಡು ಸುಮ್ಮನಿತ್ತು. ಯಾವುದಾದರೊಂದು ನೆವ ಸಿಗಲಿ ಎಂದು ಕಾಯುತ್ತಿತ್ತು ಎಂದರೆ ಹೆಚ್ಚು ಸರಿ. ಆ ನೆವ ನನ್ನ ಗಾಳಕ್ಕೇ ಸಿಗಬೇಕೆ!

ಮುಂಗಾರು ಜೋರಾಗಿ ಹೊಡೆದು ಕೆರೆ ತುಂಬಿ ಕೋಡಿ ಬಿದ್ದಿತ್ತು. ಹೆಚ್ಚಾದ ನೀರು ಕೋಡಿಯ ಕಲ್ಲು ದಾಟಿ ಕೆಳಗಿನ ಗುಂಡಿಗೆ ಧುಮುಕಿ, ಅಲ್ಲಿಂದ ಹಳ್ಳವಾಗಿ ಹೊಳೆಗೆ ಹೋಗುತ್ತದೆ. ಕುಡಿಯುವ ಕೆರೆಯಲ್ಲಿ ಗಾಳ ಹಾಕಬಾರದು ಎಂಬ ಕಟ್ಟಳೆ ನನಗೂ ಗೊತ್ತು. ನಾನು ಕೂರುತ್ತಿದ್ದದ್ದು ಕೆಳಗಿನ ಗುಂಡಿಗೆ. ಎರೆಹುಳು ಚುಚ್ಚಿ, ನವಿಲುಗರಿಯ ದಂಟನ್ನು ತೇಲಿಬಿಟ್ಟು ಕೂತಿದ್ದೆ. ದಂಟು ಮುಳುಗಲಿಲ್ಲ, ಮೆಲ್ಲಗೆ ಪಕ್ಕಕ್ಕೆ ನಡೆಯಿತು. ಕಸಕ್ಕೆ ಸಿಕ್ಕಿರಬೇಕೆಂದು ಎಳೆದೆ. ಕಸ ತಿರುಗಿ ಎಳೆಯಿತು! ಬಿದಿರು ಬಿಲ್ಲಿನಂತೆ ಬಾಗಿತು, ಅಂಗೈ ಕೊಯ್ದಿತು. ದಂಡೆಗೆ ಬಂದದ್ದು ಎರಡು ಮೊಳಕ್ಕಿಂತ ಉದ್ದದ, ನನ್ನ ಮೊಣಕೈ ದಪ್ಪದ, ಕಂದು ಮೈಯಲ್ಲಿ ಹಳದಿ ಮಸಿ ಚೆಲ್ಲಿದಂಥ ಒಂದು ಪ್ರಾಣಿ. ಹಿಡಿದರೆ ಕೈಯಿಂದ ಜಾರುತ್ತದೆ, ಬಿಟ್ಟರೆ ನೀರಿನ ಕಡೆಗೇ ಹರಿಯುತ್ತದೆ.

"ಯಪ್ಪಾ, ಹಾವು! ಬಿಡ್ರಿ, ಬಿಡ್ರೀ ಮಾಸ್ತರ!" ಎಂದು ಎಮ್ಮೆ ತೊಳೆಯುತ್ತಿದ್ದವನೊಬ್ಬ ಚೀರಿದ.

ನನಗೆ ಹಿಗ್ಗೋ ಹಿಗ್ಗು. ಕಿವಿಯಂಥ ಎರಡು ಪುಟ್ಟ ರೆಕ್ಕೆಗಳು ಕಣ್ಣಿಗೆ ಬಿದ್ದಿದ್ದವು. ಹಾವಿಗೆ ರೆಕ್ಕೆ ಎಲ್ಲಿಯದು? ಒದ್ದೆ ಗೋಣಿಚೀಲದಲ್ಲಿ ತುಂಬಿಕೊಂಡು, ಚಾವಡಿಯ ಮುಂದೆಯೇ ಹಾದು ಮನೆಗೆ ಹೋದೆ. ಯಾರು ಕೇಳಿದರೂ ಚೀಲ ಬಿಚ್ಚಿ ತೋರಿಸಿದೆ. ಗೌಡರು ಒಮ್ಮೆ ಬಗ್ಗಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ಹಾವಿಗೆ ರೆಕ್ಕಿ ಮೂಡ್ಯಾವು" ಎಂದರು. ದನಿ ಇಳಿದಿತ್ತು. "ನಮ್ಮ ಅಜ್ಜನ ಕಾಲದಿಂದ ಇಂಥಾದ್ದು ಈ ನೀರಾಗ ಹುಟ್ಟಿಲ್ಲ. ಕೆರಿ ಮೈಲಿಗಿ ಆತು."

ಮರುದಿನ ಬೆಳಗಾಗುವಷ್ಟರಲ್ಲಿ ಮೂಡಣ ಮೆಟ್ಟಿಲಿಗೆ ಆಳೆತ್ತರ ಜಾಲಿಮುಳ್ಳು ಬಿದ್ದಿತ್ತು. ಕೇರಿಯವರು ಕೊಡ ಅದ್ದಿದ್ದಕ್ಕೇ ನೀರು ಕೆಟ್ಟು ಅದರಲ್ಲಿ ರೆಕ್ಕೆಹಾವು ಹುಟ್ಟಿತಂತೆ. ಕೆರೆ ಶುದ್ಧಿಯಾಗುವ ತನಕ ಅವರು ನೀರಿಗೆ ಇಳಿಯಬಾರದಂತೆ. ಶುದ್ಧಿ ಯಾವಾಗ? ಅದನ್ನು ಯಾರೂ ಹೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ಮೀನು ಹಿಡಿದವನು ನಾನು. ನನ್ನನ್ನು ಬೈಯಲಿ, ನನ್ನ ಬಿದಿರು ಮುರಿಯಲಿ. ಗಾಳ ಹಾಕಿದವನನ್ನು ಬಿಟ್ಟು ಕೊಡ ಹೊತ್ತವರ ಬಾಯಿಗೆ ಮುಳ್ಳು ಹಾಕುವುದೆಂದರೆ ಏನರ್ಥ?

ಸಿಟ್ಟಿನಿಂದಲೇ ಕೇರಿಗೆ ಹೋದೆ. ಅಲ್ಲಿಯ ಸೂಲಗಿತ್ತಿ, ಹರಿಯುವ ನೀರೆಲ್ಲ ಕೆಸರೆಂದು, ಹಳ್ಳದ ದಂಡೆಯಲ್ಲಿ ಮರಳು ತೋಡಿ ಒಸರಿನ ನೀರನ್ನು ಚಿಪ್ಪಿನಿಂದ ಬಸಿಯುತ್ತಿದ್ದಳು. ಊರಿನ ಅರ್ಧ ಮಂದಿ ಅವಳ ಕೈಯಲ್ಲೇ ಹುಟ್ಟಿದವರು. ಅವಳ ಮಗಳೇ ಈಗ ಹಸಿ ಬಾಣಂತಿ. ಕೊಡದಲ್ಲಿದ್ದದ್ದು ನೀರಲ್ಲ, ಕೆಂಪು ರಾಡಿ. ಸೀರೆಯ ಸೆರಗನ್ನು ನಾಲ್ಕು ಪದರು ಮಾಡಿ ಸೋಸಿದರೂ ಕೆಂಪು ಹೋಗುತ್ತಿರಲಿಲ್ಲ.

ಬಿಸಿಲಲ್ಲಿ ನಡೆದು ಬಂದವನು, "ಒಂದು ತಂಬಿಗಿ ನೀರ ಕೊಡವಾ" ಎಂದೆ.

ಅವಳು ತಲೆ ಎತ್ತಿ ನನ್ನನ್ನು ಸುಡುವ ಹಾಗೆ ನೋಡಿದಳು. "ಇದನ್ನ ಕುಡಸಲೇನ್ರಿ? ಕೇರಿಗೆ ಬಂದ ಮಾಸ್ತರಗ ರಾಡಿ ಕುಡಿಸಿದ್ಲು ಅನಿಸ್ಕೋಬೇಕೇನು ನಾ? ಕೆರಿ ನೀರ ಬಂದ ದಿನ ಬರ್ರಿ. ಆವತ್ತ ಕೊಡ್ತೀನಿ."

ನಾನು ಬರಿಗಂಟಲಲ್ಲಿ ತಿರುಗಿ ಬಂದೆ. ಈ ಮೀನು ಯಾವುದು, ಎಲ್ಲಿ ಹುಟ್ಟಿದ್ದು ಎಂಬುದನ್ನು ತೋರಿಸಿಕೊಟ್ಟರೆ ಮುಳ್ಳಿನ ಬುಡವೇ ಕಿತ್ತುಹೋಗುತ್ತದೆ ಎಂದು ದಾರಿಯಲ್ಲೇ ಲೆಕ್ಕ ಹಾಕಿದೆ. ಧಾರವಾಡದಲ್ಲಿ ಎರಡು ವರ್ಷ ವಿಜ್ಞಾನ ಓದಿದ್ದು ಇಂಥದಕ್ಕಲ್ಲದೆ ಇನ್ನೇತಕ್ಕೆ?

ಹಿತ್ತಲಿನ ಕಲ್ಲುಬಾನಿಯಲ್ಲಿ ಬಿಟ್ಟಿದ್ದ ಮೀನಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಮೊದಲು ಹಾವಿನ ಮಾತು. ಹಾವಿನ ಹೊಟ್ಟೆಯ ಮೇಲೆ ಅಡ್ಡಪಟ್ಟಿಯಂಥ ಹುರುಪೆಗಳಿರುತ್ತವೆ. ಇದರ ಹೊಟ್ಟೆ ನುಣುಪು. ತಲೆಯ ಹಿಂದೆ ಎರಡೂ ಬದಿಗೆ ಸಣ್ಣ ಸೀಳು, ಅಂದರೆ ಕಿವಿರು. ಹಾಗಾದರೆ ಮೀನು, ಅದರಲ್ಲಿ ಸಂಶಯವಿಲ್ಲ. ಯಾವ ಮೀನು? ಹೊಳೆಯಲ್ಲಿ ಸಿಗುವ ಮುಳ್ಳುಬೆನ್ನಿನ ಹಾವುಮೀನು ಇರಬೇಕೆಂದು ಮೊದಲು ಅಂದುಕೊಂಡೆ. ಬೆನ್ನುದ್ದಕ್ಕೂ ಬೆರಳಾಡಿಸಿದರೆ ಒಂದೂ ಮುಳ್ಳಿಲ್ಲ. ಕೆಸರುಗದ್ದೆಯಲ್ಲಿ ಬಿಲ ತೋಡುವ ಇನ್ನೊಂದು ಜಾತಿ ಇದೆ; ಅದಕ್ಕೆ ಪಕ್ಕದ ರೆಕ್ಕೆಗಳಿಲ್ಲ, ಇದಕ್ಕಿವೆ. ಬೆನ್ನಿನ ರೆಕ್ಕೆ ಬಾಲವನ್ನು ಸುತ್ತಿ ಹೊಟ್ಟೆಯ ಕೆಳಗಿನ ತನಕ ಒಂದೇ ಅಂಚಾಗಿ ಬಂದಿತ್ತು, ಸೀರೆಗೆ ಕಟ್ಟಿದ ಪಟ್ಟಿಯ ಹಾಗೆ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

ಆ ರಾತ್ರಿ ಮಳೆಯಾಯಿತು. ಬೆಳಿಗ್ಗೆ ನೋಡಿದರೆ ಬಾನಿ ಖಾಲಿ. ಬೆಕ್ಕು ಒಯ್ದಿತೋ, ಗೌಡರ ಆಳು ಒಯ್ದನೋ ಎಂದು ಮನೆಯ ಸುತ್ತ ಹುಚ್ಚನ ಹಾಗೆ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಹಿತ್ತಲಿನ ಆಚೆ, ಹಳ್ಳದ ಇಳಿಜಾರಿನ ಒದ್ದೆ ಹುಲ್ಲಿನಲ್ಲಿ. ಬಾನಿಯ ಅಂಚು ಹತ್ತಿ, ಗೋಡೆಯ ತೂತು ನುಗ್ಗಿ, ಬರಿ ನೆಲದ ಮೇಲೆ ಅಷ್ಟು ದೂರ ಹರಿದಿತ್ತು. ಎರಡು ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡು ಅಲ್ಲೇ ಸತ್ತಿತ್ತು. ನನಗೆ ಕೆಟ್ಟೆನಿಸಿತು, ನಾನು ಹಿಡಿದ ಮೀನು ಸತ್ತದ್ದು ಬಹಳ ಕಡಿಮೆ. ಆದರೆ ಅದು ಸಾಯುತ್ತ ಒಂದು ಸಂಗತಿ ಹೇಳಿತ್ತು. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ನಡೆಯಬಲ್ಲ ಮೀನಿಗೆ ಹೊಳೆಯಿಂದ ಹಳ್ಳ ಹಿಡಿದು ಕೋಡಿಗೆ ಬರುವುದು ಯಾವ ದೊಡ್ಡ ಮಾತು?

ಊರಿಗೆ ಸಿಡುಬಿನ ಚುಚ್ಚುಮದ್ದು ಹಾಕಲು ಬಂದಿದ್ದವನನ್ನು ಕಾಡಿ ಬೇಡಿ ಸ್ಪಿರಿಟ್ ಪಡೆದು, ಮೀನನ್ನು ಸುರುಳಿ ಸುತ್ತಿ ಉಪ್ಪಿನಕಾಯಿಯ ಭರಣಿಯಲ್ಲಿ ಇಳಿಸಿದೆ. ಮನೆಯಾಕೆ ಆ ಭರಣಿಯನ್ನು ಇನ್ನು ಮುಟ್ಟುವುದಿಲ್ಲ ಎಂದಳು. "ಮುಟ್ಟಬ್ಯಾಡ" ಎಂದೆ. ರಜೆ ಬರೆದಿಟ್ಟು ಗದಗಿಗೆ ಹೊರಟೆ. ಮೋಟಾರಿನಲ್ಲಿ ಪಕ್ಕದಲ್ಲಿ ಕೂತ ಹತ್ತಿಯ ವ್ಯಾಪಾರಿ, "ಮಾವಿನಕಾಯಿ ಏನ್ರಿ?" ಎಂದ. ಹೌದೆಂದೆ. ವಾಸನೆ ಬಂದ ಮೇಲೆ ಅವನು ಸೀಟು ಬದಲಿಸಿದ.

ಗದಗಿನ ಹೈಸ್ಕೂಲಿನಲ್ಲಿ ನನ್ನ ಜೊತೆ ಧಾರವಾಡದಲ್ಲಿ ಓದಿದ ಗೆಳೆಯ ವಿಜ್ಞಾನ ಕಲಿಸುತ್ತಿದ್ದ. ಅವನ ಬಳಿ ದಪ್ಪ ಪುಸ್ತಕವಿತ್ತು, ಸೂಕ್ಷ್ಮದರ್ಶಕವಿತ್ತು, ಎಲ್ಲದಕ್ಕೂ "ಇರಲಿಕ್ಕಿಲ್ಲ" ಎನ್ನುವ ಚಟವೂ ಇತ್ತು. ಪುಸ್ತಕ ನೋಡಿ, "ಇದು ಈಲ್ ಇದ್ದಂಗ ಐತಿ. ಆದ್ರ ಈಲ್ ಸಮುದ್ರದಾಗ ಹುಟ್ಟೂ ಮೀನಲೇ. ನಿಮ್ಮ ಕೋಡಿಗೆ ಎಲ್ಲಿಂದ ಬರಬೇಕು? ಇರಲಿಕ್ಕಿಲ್ಲ" ಎಂದ.

"ಗುರ್ತ ಏನ ಬರದಾನ, ಓದು."

"ಮೈಮ್ಯಾಲ ಹುರಪಿ ಇರಬೇಕಂತ. ಇದಕ್ಕೆಲ್ಲಿ ಅದಾವು? ಬೋಳ ಐತಿ."

ಮೈ ಬೋಳಾಗಿಯೇ ಇತ್ತು. ನಾನು ಬೆಟಗೇರಿಗೆ ನಡೆದೆ. ನೇಯ್ದ ಬಟ್ಟೆಯ ಎಳೆ ಎಣಿಸಲು ಅಪ್ಪ ಇಟ್ಟುಕೊಂಡಿದ್ದ ಪುಟ್ಟ ಭೂತಗನ್ನಡಿ ಇಸಕೊಂಡು ಬಂದೆ. ಮೀನಿನ ಮೇಲಿನ ಲೋಳೆಯನ್ನು ಬೂದಿ ಹಚ್ಚಿ ಒರೆಸಿ, ಚರ್ಮದ ಒಂದು ಚೂರು ಒಣಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ಕನ್ನಡಿ ಇಟ್ಟೆ. ಚರ್ಮದ ಒಳಗೆ ಹುದುಗಿದ ಸಣ್ಣ ಸಣ್ಣ ಹುರುಪೆಗಳು! ನಾಲ್ಕಾರು ಉದ್ದಕ್ಕೆ, ಪಕ್ಕದ ನಾಲ್ಕಾರು ಅಡ್ಡಕ್ಕೆ, ಚಾಪೆ ಹೆಣೆದ ಹಾಗೆ. ಹಾಸು ಹೊಕ್ಕು ನೋಡುತ್ತ ಬೆಳೆದವನು ನಾನು. ಆ ಹೆಣಿಗೆಯನ್ನು ಕಂಡು ಕೂಗಿಬಿಟ್ಟೆ. ಗೆಳೆಯ ಕನ್ನಡಿ ಕಸಿದುಕೊಂಡ. ಪುಸ್ತಕದ ಚಿತ್ರ ನೋಡಿದ, ಚರ್ಮ ನೋಡಿದ, ಮತ್ತೆ ಪುಸ್ತಕ ನೋಡಿದ. "ಖರೇನ ಈಲ್ ಲೇ" ಎಂದ. ಅವನ ಬಾಯಲ್ಲಿ ಅಷ್ಟು ಬಂದದ್ದೇ ದೊಡ್ಡದು.

ಆಮೇಲಿನದೆಲ್ಲ ಅವನೇ ಉಮೇದಿನಿಂದ ಮಾಡಿದ. ಈ ಮೀನು ಆಳ ಕಡಲಿನಲ್ಲಿ ಹುಟ್ಟಿ, ಗಾಜಿನ ಎಳೆಯಂಥ ಮರಿಯಾಗಿ ನದಿಯ ಬಾಯಿಗೆ ಬಂದು, ಕೃಷ್ಣೆ ಹಿಡಿದು ತುಂಗಭದ್ರೆಗೆ ಏರಿ, ವರ್ಷಗಟ್ಟಲೆ ಸಿಹಿನೀರಿನಲ್ಲಿ ಬೆಳೆದು, ಮೊಟ್ಟೆಯಿಡಲು ತಿರುಗಿ ಕಡಲಿಗೇ ಹೋಗುತ್ತದೆ. ಹೊಟ್ಟೆ ಸೀಳಿ ನೋಡಿದೆವು, ಬಲಿತ ಮೊಟ್ಟೆ ಒಂದೂ ಇರಲಿಲ್ಲ. ತಲೆಬುರುಡೆಯೊಳಗೆ ಎರಡೂ ಕಿವಿಯ ಜಾಗದಲ್ಲಿ ಅಕ್ಕಿನುಚ್ಚಿನಷ್ಟು ಒಂದೊಂದು ಕಲ್ಲಿರುತ್ತದೆ. ಅದನ್ನು ತೆಗೆದು, ಸಾಣೆಕಲ್ಲಿನ ಮೇಲೆ ತೆಳ್ಳಗೆ ತಿಕ್ಕಿ, ಲವಂಗದ ಎಣ್ಣೆಯಲ್ಲಿ ಇಟ್ಟು ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ, ಕಡಿದ ಮರದ ಹಾಗೆ ಬಳೆ ಬಳೆ, ವರ್ಷಕ್ಕೊಂದು. ಮೊದಲ ಕಲ್ಲನ್ನು ನಾನು ಅವಸರದಲ್ಲಿ ತಿಕ್ಕಿ ಪುಡಿಮಾಡಿದೆ. ಎರಡನೆಯದು ಉಳಿಯಿತು. ನಾನು ಎಂಟು ಎಣಿಸಿದೆ, ಅವನು ಆರು ಎಂದ. ಆರೇ ಇರಲಿ, ಐದೇ ಇರಲಿ. ಕೇರಿಯವರು ಕೊಡ ಅದ್ದಿದ್ದು ಈ ಬೇಸಿಗೆಯಲ್ಲಿ. ಅದಕ್ಕೂ ಎಷ್ಟೋ ಮೊದಲು ಈ ಮೀನು ಬದುಕಿತ್ತು. ಗೆದ್ದೆ ಎಂದುಕೊಂಡು ಮೋಟಾರು ಹತ್ತಿದೆ.

ಚಾವಡಿಯಲ್ಲಿ ಊರು ಸೇರಿತು. ಕೇರಿಯವರು ಕಟ್ಟೆಯ ಕೆಳಗೆ ದೂರ ನಿಂತರು. ನಾನು ಭರಣಿ ಇಟ್ಟು, ರೆಕ್ಕೆ, ಕಿವಿರು, ಹುರುಪೆ ಒಂದೊಂದೇ ತೋರಿಸಿದೆ. ಕಡಲಿನ ಕಥೆ ಹೇಳಿದಾಗ ನಗು ಎದ್ದಿತು. "ಎಲ್ಲಿ ಸಮುದ್ರ, ಎಲ್ಲಿ ಬೆಳ್ಳಟ್ಟಿ! ಟಿಕೀಟ ತಗದು ಬಂತೇನ್ರಿ?" ಎಂದನೊಬ್ಬ. ಕಿವಿಯ ಕಲ್ಲಿನ ಬಳೆಗಳ ಮಾತು ಬಂದಾಗ ಮಾತ್ರ ಗೌಡರು ನಗಲಿಲ್ಲ. ಅವರು ತಿಳಿದ ಮನುಷ್ಯ.

"ಆತ್ರಿ, ನೀವು ಓದಿದವ್ರು, ಮೀನ ಅಂದ್ರ ಮೀನ" ಎಂದರು. "ಆದ್ರ ನಮ್ಮ ಅವ್ವ ಆ ನೀರ ಬಿಟ್ಟಾಳ. ಮನಿಯಾಗ ಹಿರೇ ಜೀವ ಬಾಯಾರಿ ಕುಂತೈತಿ. ಮಂದಿ ಮನಸ ಕೆಟ್ಟೈತಿ. ಒಂದೀಟು ದಿನ ಹೋಗಲಿ. ಶುದ್ಧಿ ಆಗಲಿ. ಆಮ್ಯಾಲ ನೋಡೂಣಂತ."

"ಮೀನಿನ ವಯಸ್ಸ ನೋಡ್ರಿ ಗೌಡರ! ಇವರು ನೀರಿಗೆ ಇಳಿಯೂಕಿಂತ ಮೊದಲ ಇದು ಹುಟ್ಟೈತಿ. ಇವರದೇನು ತಪ್ಪೈತಿ ಇದರಾಗ?" ಎಂದು ನಾನು ದನಿ ಏರಿಸಿದೆ.

ಆಗ ಕೆಳಗಿನಿಂದ ಸೂಲಗಿತ್ತಿ ಮಾತಾಡಿದಳು. ಗೌಡರಿಗಲ್ಲ, ನನಗೆ.

"ಮಾಸ್ತರ, ಆ ಮೀನ ನಿನ್ನೀನ ಹುಟ್ಟಿತ್ತಂದ್ರ ನಮಗ ನೀರಿಲ್ಲೇನ್ರಿ? ನಮ್ಮ ನೀರ ಒಂದು ಮೀನಿನ ಕಿವ್ಯಾಗ ಐತೇನು?"

ಕಪಾಳಕ್ಕೆ ಬಿದ್ದ ಹಾಗಾಯಿತು. ಇಷ್ಟು ದಿನ ಬಾಯಿ ಒಣಗಿಸಿಕೊಂಡು ನಾನು ಮಾಡಿದ್ದೇನು? ಕೊಡ ಅದ್ದಿದರೆ ನೀರು ಕೆಡುತ್ತದೆ ಎಂಬ ಮಾತನ್ನು ಒಪ್ಪಿಕೊಂಡವನ ಹಾಗೆ, ಈ ಸಲ ಕೆಟ್ಟಿಲ್ಲ ಎಂದು ಸಾಕ್ಷಿ ಹೇಳುತ್ತ ಕೂತಿದ್ದೆ. ಗೆಳೆಯನ ಲೆಕ್ಕ ಆರು, ನನ್ನ ಲೆಕ್ಕ ಎಂಟು. ಇನ್ನೊಬ್ಬ ಬಂದು ಒಂದೇ ಎಂದಿದ್ದರೆ ಕೇರಿಯವರು ರಾಡಿ ಕುಡಿಯಬೇಕಾಗಿತ್ತೇನು? ನನಗೆ ಗೌಡರ ಮೇಲೆ, ಊರಿನ ಮೇಲೆ, ಆ ಭರಣಿಯ ಮೇಲೆ, ಎಲ್ಲದರ ಮೇಲೂ ಒಟ್ಟಿಗೇ ಸಿಟ್ಟು ಬಂತು.

"ಮೀನಿನ ಮಾತ ಮುಗೀತ್ರಿ. ಇನ್ನ ಮುಳ್ಳಿನ ಮಾತ" ಎಂದು ಎದ್ದೆ. ನೇರವಾಗಿ ಕೆರೆಗೆ ಹೋಗಿ ಮೂಡಣ ಮೆಟ್ಟಿಲಿನ ಜಾಲಿಯನ್ನು ಕೈಯಿಂದಲೇ ಕಿತ್ತು ಒಗೆದೆ. ಯಾರೂ ತಡೆಯಲಿಲ್ಲ. ಕೈಯೆಲ್ಲ ರಕ್ತ. ಕೇರಿಯ ಹೆಣ್ಣುಮಕ್ಕಳು ಅವತ್ತು ನೀರು ತುಂಬಿದರು. ಮರುದಿನ ಬೆಳಿಗ್ಗೆ ನೋಡಿದರೆ ಅದೇ ಜಾಗದಲ್ಲಿ ಮುಳ್ಳು ಮತ್ತೆ ಬಿದ್ದಿತ್ತು, ಮೊದಲಿಗಿಂತ ಎತ್ತರ.

ಕೀಳುವವನೊಬ್ಬ, ಹಾಕುವವರು ಹತ್ತು ಮಂದಿ. ಹೀಗೆ ಎಷ್ಟು ದಿನ? ನಾನು ಮತ್ತೊಮ್ಮೆ ಕಿತ್ತೆ. ಆದರೆ ಈ ಸಲ ಮನೆಗೆ ಹೋಗಲಿಲ್ಲ. ಶಾಲೆಗೆ ಹೋಗಿ ಕರಿಹಲಗೆ ಹೊತ್ತು ತಂದು ಮೂಡಣ ಮೆಟ್ಟಿಲ ತಲೆಯ ಮೇಲಿನ ಬೇವಿನ ಮರಕ್ಕೆ ಆನಿಸಿದೆ. ಗಂಟೆಯನ್ನೂ ಅಲ್ಲೇ ತೂಗುಹಾಕಿ ಬಾರಿಸಿದೆ. "ಇವತ್ತಿನಿಂದ ಶಾಲಿ ಇಲ್ಲೇ" ಎಂದು ಮೆಟ್ಟಿಲ ಎರಡೂ ಬದಿಗೆ ಮಕ್ಕಳನ್ನು ಕೂರಿಸಿ, ನಡುವೆ ಕೊಡ ಹೊತ್ತವರು ಇಳಿದು ಹತ್ತುವಷ್ಟು ದಾರಿ ಬಿಟ್ಟೆ. ಹಾಜರಿ ಕರೆದೆ. ಗೌಡರ ಮೊಮ್ಮಗನೂ ಅಲ್ಲಿಯೇ ಕೂತು "ಹಾಜರ್ರಿ" ಎಂದ.

ಕೆಲವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಮನೆಯಲ್ಲಿ ಅವುಗಳ ಗದ್ದಲ ತಾಳಲಾರದೆ ತಿರುಗಿ ಕಳಿಸಿದರು. ಮಗ್ಗಿ ನಡೆಯುತ್ತಿರುವಾಗ ಕೇರಿಯವರು ಬಂದು ನೀರು ತುಂಬಿ ಹೋಗುವರು. ಹನ್ನೆರಡರ ಮಗ್ಗಿಯಲ್ಲಿ ಯಾರಾದರೂ ತಪ್ಪಿದರೆ ಸೂಲಗಿತ್ತಿ ಮೊದಲು ನಗುವಳು. ರವಿವಾರ ಶಾಲೆಯಿಲ್ಲ, ಆವತ್ತು ನಾನು ಅದೇ ಮೆಟ್ಟಿಲ ಮೇಲೆ ಬಿದಿರು ಹಿಡಿದು ಕೂರುತ್ತಿದ್ದೆ. ಕೆರೆಯ ಕಟ್ಟಳೆ ಮುರಿಯಬಾರದೆಂದು ಗಾಳಕ್ಕೆ ಕೊಕ್ಕೆ ಕಟ್ಟುತ್ತಿರಲಿಲ್ಲ. ಮುಳ್ಳು ಮತ್ತೆ ಬೀಳಲಿಲ್ಲ. ಹಾಕಬೇಕೆಂದರೆ ತಮ್ಮ ಮಕ್ಕಳು ಕೂರುವ ಜಾಗಕ್ಕೇ ಹಾಕಬೇಕು, ಅವುಗಳ ಬರಿಗಾಲಿಗೇ ಚುಚ್ಚಬೇಕು. ಅಷ್ಟು ಗಟ್ಟಿ ಎದೆ ಯಾರಿಗಿತ್ತು?

ಒಂದು ದಿನ ಗೌಡರು ಬಂದು ಬೇವಿನ ನೆರಳಲ್ಲಿ ನಿಂತರು. "ಶಾಲಿ ಚಾವಡಿ ಹಿಂದ ಐತ್ರಿ ಮಾಸ್ತರ."

"ಇಲ್ಲಿ ಗಾಳಿ ಚೊಲೊ ಐತ್ರಿ."

"ನಿಮ್ಮನ್ನ ಈ ಊರಿಂದ ಎತ್ತಸ್ತೀನಿ."

"ಎತ್ತಸ್ರಿ. ಹೊಳಿ ಆಚಿಯವ್ರನ್ನ ಒಂದು ಮಾಡೂಕಿಂತ ಅದು ಹಗರ ಕೆಲಸ. ಈ ದಂಡಿಯಾಗಿನ ಎರಡ ಮೆಟ್ಟಲಾ ಒಂದಾಗಲಿಲ್ಲಲ್ರಿ ನಿಮ್ಮ ಕೈಲೆ!"

ಗೌಡರ ಮುಖ ಕಪ್ಪಿಟ್ಟಿತು. ತಿರುಗಿ ಹೋದರು. ಹೇಳಿದ್ದನ್ನು ಮಾಡಿದರು, ಮಳೆಗಾಲ ಮುಗಿಯುವಷ್ಟರಲ್ಲಿ ನನಗೆ ಮುಂಡರಗಿ ಕಡೆಗೆ ವರ್ಗವಾಯಿತು. ಅಷ್ಟರಲ್ಲಿ ಕಿತ್ತೊಗೆದ ಜಾಲಿಮುಳ್ಳು ಒಣಗಿ ಯಾರದೋ ಹೊಲದ ಬೇಲಿಗೆ ಹೋಗಿತ್ತು. ಗೌಡರ ಅವ್ವ ಕೆರೆಯ ನೀರನ್ನೇ ಕುಡಿಯುತ್ತಿದ್ದಳು. ಶುದ್ಧಿಯ ಹೆಸರು ಯಾರ ಬಾಯಲ್ಲೂ ಇರಲಿಲ್ಲ.

ಹೊರಡುವ ದಿನ ಗೌಡರು ತಮ್ಮ ಚಕ್ಕಡಿಯನ್ನೇ ಕಳಿಸಿದರು, ತಾವೂ ಬಂದರು. ಹೇಳಿದೆನಲ್ಲ, ಒಳ್ಳೆಯ ಮನುಷ್ಯ. ಟ್ರಂಕು, ಬಿದಿರು, ಭರಣಿ ಏರಿಸಿದ್ದಾಯಿತು, ಮನೆಯಾಕೆಯೂ ಏರಿ ಕೂತಳು. ಕೆರೆಯ ಏರಿಯ ಮೇಲೆ ಬಂದಾಗ ಸೂಲಗಿತ್ತಿ ಕೊಡ ಹೊತ್ತು ಅಡ್ಡ ನಿಂತಳು.

"ಇಳೀರಿ ಮಾಸ್ತರ. ಹೋಗೂ ಮನಿಶ್ಯಾ ನೀರ ಕುಡದು ಹೋಗಬೇಕು."

"ಇಷ್ಟ ದಿನ ಕೊಡಲಿಲ್ಲಲ್ಲವಾ?"

"ನೋಡ್ತಿದ್ನಿ. ಇವತ್ತ ಕೊಟ್ಟು ನಾಳಿ ಮತ್ತ ಮುಳ್ಳ ಬಿತ್ತಂದ್ರ, ನನ್ನ ಮಾತ ಸುಳ್ಳಾಕ್ಕಿತ್ತು. ಇನ್ನ ಬೀಳೂದಿಲ್ಲ ಬಿಡ್ರಿ. ಬಿದ್ರೂ ಕೀಳಾಕ ನಾವು ಕಲತೀವಿ."

ಸೆರಗಿನ ಗಂಟಿನಿಂದ ಒಂದು ಚೂರು ಬೆಲ್ಲ ತೆಗೆದು ನನ್ನ ಅಂಗೈಗೆ ಹಾಕಿದಳು. ತಂಬಿಗೆ ತುಂಬಿ, ಮೇಲಿನಿಂದ ಸುರಿಯದೆ, ಕೈಗೇ ಕೊಟ್ಟಳು. ಊರಿನ ಗಾಡಿ, ಊರಿನ ಎತ್ತು, ಊರಿನ ಗೌಡರು ನೋಡುತ್ತಿದ್ದರು. ನಾನು ನಿಧಾನವಾಗಿ ಕುಡಿದೆ. ಸ್ವಲ್ಪ ಪಾಚಿಯ ವಾಸನೆಯಿದ್ದ, ತಣ್ಣಗಿನ ಕೆರೆಯ ನೀರು.

ಗೌಡರು ಎತ್ತಿನ ಕೊರಳಿನ ಹಗ್ಗ ಸರಿಮಾಡುತ್ತ, "ಹೊತ್ತಾತು, ಹೊಂಡ್ರಿ" ಎಂದರು.

ತಂಬಿಗೆ ಖಾಲಿಯಾಗಿತ್ತು. ಇನ್ನೊಂದು ತುಂಬಿ ಕೊಡು ಎಂದೆ. ನನಗೆ ನೀರಡಿಕೆ ಇರಲಿಲ್ಲ.